ಬೂದಿಯಿಂದ ಇಟ್ಟಂಗಿ: ಸಾಲಕ್ಕೆ ಸಹಿ ಹಾಕುವ ಮೊದಲು

(ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ನಮ್ಮ ತರಬೇತಿ ತಂಡದವರು ಮಾಡಿದ ಭಾಷಣ)



ಹೋದ ತಿಂಗಳ ಸಭೆಯಲ್ಲಿ ಮೂರು ಸಂಘದವರು ಎದ್ದು ನಿಂತು ಒಂದೇ ಮಾತು ಹೇಳಿದ್ರಿ. "ಹಪ್ಪಳ, ಶ್ಯಾವಿಗಿ, ಉಪ್ಪಿನಕಾಯಿ ಸಾಕಾತ್ರಿ. ಎಲ್ಲಾ ಸಂಘದವರೂ ಅದನ್ನೇ ಮಾಡಾಕತ್ತಾರ, ತಗೊಳ್ಳೋರು ಯಾರು? ನಮಗ ಬೂದಿ ಇಟ್ಟಂಗಿ ಕಲಿಸ್ರಿ. ಸಾಲ ನಾವು ತೆಗಿತೀವಿ." ಈ ಮಾತು ಕೇಳಿ ನಮಗೆ ಸಂತೋಷವೂ ಆಯಿತು, ಸ್ವಲ್ಪ ಹೆದರಿಕೆಯೂ ಆಯಿತು. ಸಂತೋಷ ಯಾಕೆಂದರೆ, ಕಟ್ಟಡದ ಕೆಲಸದಲ್ಲಿ ಬುಟ್ಟಿ ಹೊರುವುದಷ್ಟೇ ಹೆಂಗಸರ ಪಾಲು ಅಂತ ತಿಳಿದಿದ್ದ ಕಾಲ ಹೋಗಿದೆ. ಹೆದರಿಕೆ ಯಾಕೆಂದರೆ, ಸಾಲ ಒಂದು ಸಲ ಪುಸ್ತಕದಲ್ಲಿ ಏರಿದರೆ ಇಟ್ಟಂಗಿ ಮುರಿದರೂ ಕಂತು ನಿಲ್ಲುವುದಿಲ್ಲ.

ಆದ್ದರಿಂದ ಈ ದಿನ ಬೂದಿಯ ವಿಷಯವನ್ನು ಮೊದಲಿನಿಂದ ಹೇಳುತ್ತೇವೆ. ಕೊನೆಯಲ್ಲಿ ಠರಾವು ಮಾಡುವುದು ತಮಗೇ ಬಿಟ್ಟದ್ದು.

ಬೂದಿ ಎಲ್ಲಿಂದ ಬರುತ್ತದೆ?

ರಾಯಚೂರಿನ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಸುಟ್ಟು ಕರೆಂಟು ತಯಾರಿಸುತ್ತಾರೆ. ಆಮೇಲೆ ಬಳ್ಳಾರಿ ಜಿಲ್ಲೆಯ ಕುಡತಿನಿಯಲ್ಲಿ, ರಾಯಚೂರಿನ ಹತ್ತಿರ ಯರಮರಸ್‌ನಲ್ಲಿಯೂ ಸ್ಥಾವರಗಳು ಬಂದವು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿಯ ಪಾಲು ಜಾಸ್ತಿ. 100 ಕಿಲೋ ಸುಟ್ಟರೆ ಸುಮಾರು 30ರಿಂದ 40 ಕಿಲೋ ಬೂದಿ ಉಳಿಯುತ್ತದೆ. ಅದರಲ್ಲಿ ಐದರಲ್ಲಿ ನಾಲ್ಕು ಪಾಲು ಹೊಗೆಯ ಜೊತೆ ಮೇಲೆ ಹಾರುವ ನುಣ್ಣನೆಯ ಬೂದಿ. ಅದನ್ನು ಯಂತ್ರಗಳಿಂದ ಹಿಡಿದಿಡುತ್ತಾರೆ. ಇದಕ್ಕೇ ಹಾರುಬೂದಿ ಅನ್ನುತ್ತಾರೆ. ಉಳಿದದ್ದು ಒಲೆಯ ತಳಕ್ಕೆ ಬೀಳುವ ದಪ್ಪ ಬೂದಿ. 2021-22ನೇ ಸಾಲಿನಲ್ಲಿ ಇಡೀ ದೇಶದಲ್ಲಿ ಬಂದ ಇಂಥ ಬೂದಿ ಸುಮಾರು 27 ಕೋಟಿ ಟನ್.

ಬೂದಿ ಹೊಂಡದ ಪಕ್ಕದ ಊರಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಬೇಸಿಗೆಯ ಗಾಳಿಗೆ ಒಣಗಿ ಹಾಕಿದ ಬಟ್ಟೆಯ ಮೇಲೆ, ಹತ್ತಿಯ ಎಲೆಯ ಮೇಲೆ, ಕೊಡದ ನೀರಿನ ಮೇಲೆ ಬಂದು ಕೂರುವುದೂ ಇದೇ ಬೂದಿ.

ಸರಕಾರ 1999ರಲ್ಲಿಯೇ ಒಂದು ಅಧಿಸೂಚನೆ ಹೊರಡಿಸಿ, ಈ ಬೂದಿಯನ್ನು ಇಟ್ಟಂಗಿಗೆ, ಸಿಮೆಂಟಿಗೆ, ರಸ್ತೆಗೆ ಬಳಸಬೇಕು ಅಂತ ಹೇಳಿತು. 2021ರ ಡಿಸೆಂಬರ್ 31ರ ಅಧಿಸೂಚನೆ ಇನ್ನೂ ಬಿಗಿಯಾದದ್ದು. ಬೂದಿಯನ್ನು ಪೂರ್ತಿ ಬಳಕೆಗೆ ಕೊಡುವುದು ಸ್ಥಾವರದ್ದೇ ಜವಾಬ್ದಾರಿ, ಉಳಿಸಿಕೊಂಡರೆ ಟನ್ನಿಗೆ 1,000 ರೂಪಾಯಿ ದಂಡ ಎಂದು ಅದರಲ್ಲಿದೆ. ಅಂದರೆ ಬೂದಿ ಕೇಳಲು ಹೋಗುವುದು ಬೇಡುವುದಲ್ಲ. ಅವರಿಗೂ ಅದನ್ನು ಸಾಗಿಸುವವರು ಬೇಕು.

ಹಾರುಬೂದಿಯಂತೆ ಇನ್ನೊಂದು ತ್ಯಾಜ್ಯವೂ ನಮ್ಮ ಭಾಗದಲ್ಲಿದೆ. ತೋರಣಗಲ್ಲಿನಂಥ ಕಡೆ ಅದಿರನ್ನು ಕರಗಿಸಿ ಕಬ್ಬಿಣ ತೆಗೆಯುವಾಗ ಮೇಲೆ ತೇಲುವ ಕಿಟ್ಟ. ಅದನ್ನು ಬಿಸಿಯಿದ್ದಾಗಲೇ ನೀರು ಹಾಯಿಸಿ ಫಕ್ಕನೆ ತಣಿಸಿ, ಒಣಗಿಸಿ, ಹಿಟ್ಟಿನಂತೆ ಬೀಸಿದರೆ ಜಿಜಿಬಿಎಸ್ ಎಂಬ ಬಿಳಿಯ ಪುಡಿ ಸಿಗುತ್ತದೆ. ಈಗ ಇದು ಬೆಲೆ ಬಾಳುವ ಸರಕು, ಚೀಲದಲ್ಲಿ ಮಾರುತ್ತಾರೆ. ಮುಂದೆ ಇದರ ಕೆಲಸ ಏನು ಅಂತ ಹೇಳುತ್ತೇವೆ.

ಹಳೆಯ ಗಾರೆ, ಹೊಸ ವಿದ್ಯೆ

ಸುಟ್ಟ ಪುಡಿಯಿಂದ ಕಟ್ಟುವುದು ನಮ್ಮ ಹಿರಿಯರಿಗೆ ಹೊಸದಲ್ಲ. ಸುಣ್ಣಕ್ಕೆ ಸುಟ್ಟ ಇಟ್ಟಂಗಿಯ ಪುಡಿ ಸೇರಿಸಿ ಅರೆದು ಸುರ್ಕಿ ಗಾರೆ ಮಾಡುತ್ತಿದ್ದರು. ಹಳೆಯ ಬಾವಿ, ಕೋಟೆ, ಗುಡಿಗಳಲ್ಲಿ ಅದು ಇಂದಿಗೂ ಗಟ್ಟಿಯಾಗಿದೆ. ಕನ್ನಂಬಾಡಿ ಕಟ್ಟೆಯೂ ಸುರ್ಕಿ ಗಾರೆಯಲ್ಲಿಯೇ ಎದ್ದದ್ದು. ಸುಟ್ಟ ಮಣ್ಣಿನಲ್ಲಿರುವ ಸಿಲಿಕಾ, ಅಲ್ಯೂಮಿನಾ ಎಂಬ ಅಂಶಗಳು ಸುಣ್ಣದ ಜೊತೆ ಕೂಡಿ ಕಲ್ಲಾಗುತ್ತವೆ. ಹಾರುಬೂದಿಯಲ್ಲಿಯೂ ಇವೇ ಎರಡು ಅಂಶಗಳು ಹೇರಳವಾಗಿವೆ.

ಇದನ್ನು ತಿಳಿದೇ ವಿಶಾಖಪಟ್ಟಣದ ಭಾನುಮತಿದಾಸ್ ಮತ್ತು ಕಾಳಿದಾಸ್ ಎಂಬ ವಿಜ್ಞಾನಿಗಳು ಹಾರುಬೂದಿ, ಸುಣ್ಣ, ಜಿಪ್ಸಂ ಸೇರಿಸಿ, ಭಟ್ಟಿ ಇಲ್ಲದೆ, ಸೌದೆ ಇಲ್ಲದೆ ಇಟ್ಟಂಗಿ ಮಾಡುವ ವಿಧಾನವನ್ನು ದೇಶದಲ್ಲಿ ಹರಡಿದರು. ಅವರಲ್ಲಿ ಭಾನುಮತಿದಾಸ್ ಹೆಣ್ಣುಮಗಳು ಎಂಬುದನ್ನು ಇಲ್ಲಿ ಹೇಳಲೇಬೇಕು. ಇಂದು ಪೇಟೆಯಲ್ಲಿ ಕಾಣುವ ಬೂದು ಬಣ್ಣದ ಇಟ್ಟಂಗಿಗಳು ಸುಣ್ಣ-ಜಿಪ್ಸಂ ಅಥವಾ ಸಿಮೆಂಟು ಸೇರಿಸಿ ಮಾಡಿದವು.

ಹೋದ ತಿಂಗಳು ಕೆಲವರು ಮೊಬೈಲಿನಲ್ಲಿ ತೋರಿಸಿದ್ದು ಮಾತ್ರ ಬೇರೆ. ಅದು ಜಿಯೋಪಾಲಿಮರ್. ಅದರಲ್ಲಿ ಸಿಮೆಂಟು ಒಂದು ಚಮಚವೂ ಇಲ್ಲ. ಈ ಎರಡನ್ನೂ ಒಂದೇ ಅಂತ ತಿಳಿದರೆ ಮೋಸ ಹೋಗುತ್ತೇವೆ.

1950ರ ದಶಕದಲ್ಲಿ ಉಕ್ರೇನಿನ ಕೀವ್ ನಗರದಲ್ಲಿ ಗ್ಲುಖೋವ್‌ಸ್ಕಿ ಎಂಬ ವಿಜ್ಞಾನಿ ಕಬ್ಬಿಣದ ಕಿಟ್ಟಕ್ಕೆ ಕ್ಷಾರ ಸೇರಿಸಿ ಕಲ್ಲಿನಂತೆ ಗಟ್ಟಿಯಾಗುವುದನ್ನು ತೋರಿಸಿದರು. ಫ್ರಾನ್ಸಿನ ಜೋಸೆಫ್ ಡೇವಿಡೋವಿಟ್ಸ್ ಬೆಂಕಿಗೆ ಸುಡದ ವಸ್ತು ಹುಡುಕುತ್ತಾ ಇದೇ ದಾರಿಗೆ ಬಂದರು. 1970ರ ದಶಕದ ಕೊನೆಗೆ ಜಿಯೋಪಾಲಿಮರ್ ಎಂಬ ಹೆಸರಿಟ್ಟವರೂ ಅವರೇ. 2014ರಲ್ಲಿ ಆಸ್ಟ್ರೇಲಿಯಾದ ವೆಲ್‌ಕ್ಯಾಂಪ್ ವಿಮಾನ ನಿಲ್ದಾಣದಲ್ಲಿ ಸುಮಾರು 40,000 ಘನ ಮೀಟರ್ ಜಿಯೋಪಾಲಿಮರ್ ಕಾಂಕ್ರೀಟು ಹಾಕಿದರು. ವಿಮಾನಗಳು ಅದರ ಮೇಲೆ ನಿಲ್ಲುತ್ತವೆ. ನಮ್ಮ ದೇಶದಲ್ಲಿ ರೂರ್ಕಿ ಮತ್ತು ಚೆನ್ನೈನ ಸರಕಾರಿ ಸಂಶೋಧನಾಲಯಗಳು ಇದರ ಮೇಲೆ ಕೆಲಸ ಮಾಡಿವೆ. ಇಂಥ ಕಾಂಕ್ರೀಟಿನಿಂದ ಅಚ್ಚಿನ ಸಾಮಾನು ಮಾಡಲು ಐಎಸ್ 17452 ಎಂಬ ಮಾರ್ಗಸೂಚಿಯೂ 2020ರಲ್ಲಿ ಬಂದಿದೆ.

ಬೂದಿ ಕಲ್ಲಾಗುವುದು ಹೇಗೆ?

ಶೇಂಗಾ ಚಿಕ್ಕಿ ಮಾಡುವಾಗ ಏನಾಗುತ್ತದೆ? ಬೆಲ್ಲದ ಪಾಕ ಶೇಂಗಾಕ್ಕೆ ಅಂಟುತ್ತದೆ. ಒಳಗೆ ಶೇಂಗಾ ಹಾಗೆಯೇ ಇರುತ್ತದೆ. ಜಿಯೋಪಾಲಿಮರಿನಲ್ಲಿ ಹಾಗಲ್ಲ. ಇಲ್ಲಿ ಪಾಕ ಅಂದರೆ ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ಸಿಲಿಕೇಟ್ ಎಂಬ ಎರಡು ಕ್ಷಾರಗಳ ನೀರು. ಇದು ಬೂದಿಯ ಕಣದ ಮೈಯನ್ನೇ ಕರಗಿಸುತ್ತದೆ. ಕರಗಿ ಬಂದ ಸಿಲಿಕಾ, ಅಲ್ಯೂಮಿನಾ ಒಂದರ ಕೈ ಒಂದು ಹಿಡಿದು ಸರಪಳಿಯಾಗಿ, ಬಲೆಯಾಗಿ ಗಟ್ಟಿಯಾಗುತ್ತವೆ. ಆ ಬಲೆಯೇ ಅಂಟು.

ಪಾಕದ ಹದ ತಪ್ಪಿದರೆ ಚಿಕ್ಕಿ ಕೆಟ್ಟ ಹಾಗೆ, ಇಲ್ಲೂ ಹದ ತಪ್ಪಬಾರದು. ಕ್ಷಾರ ಕಡಿಮೆಯಾದರೆ ಬ್ಲಾಕು ಪುಡಿಯಾಗುತ್ತದೆ. ಜಾಸ್ತಿಯಾದರೆ ಉಳಿದ ಕ್ಷಾರ ಮೇಲೆ ಬಂದು, ನಮ್ಮ ಸವಳು ಹೊಲದಲ್ಲಿ ಕಾಣುವ ಹಾಗೆ, ಬ್ಲಾಕಿನ ಮೈಮೇಲೆ ಬಿಳಿ ಉಪ್ಪು ಏಳುತ್ತದೆ. ನೀರು ಜಾಸ್ತಿ ಹಾಕಿದರೆ ಬಲ ಹೋಗುತ್ತದೆ.

ಬರೀ ಹಾರುಬೂದಿಯಾದರೆ ಬಿಸಿ ಬೇಕು. ಸಾಮಾನ್ಯವಾಗಿ 60ರಿಂದ 80 ಡಿಗ್ರಿ ಬಿಸಿಯಲ್ಲಿ ಒಂದು ದಿನ ಇಡುತ್ತಾರೆ. ನಮ್ಮ ರಾಯಚೂರಿನ ಬೇಸಿಗೆಯೂ ಅಷ್ಟು ಬಿಸಿ ಅಲ್ಲ! ಇಲ್ಲಿಯೇ ಕಿಟ್ಟದ ಪುಡಿಯ ಕೆಲಸ. ಅದರಲ್ಲಿ ಸುಣ್ಣದ ಅಂಶ ಇರುವುದರಿಂದ, ಅದನ್ನು ಸೇರಿಸಿದರೆ ಒಲೆಯಿಲ್ಲದೆ ಗಟ್ಟಿಯಾಗುತ್ತದೆ. ಆದರೆ ಕಿಟ್ಟ ಜಾಸ್ತಿ ಬಿದ್ದರೆ ಬೇಗ ಬಿಗಿದುಕೊಳ್ಳುತ್ತದೆ. ಚಹಾ ಕುಡಿದು ಬರುವಷ್ಟರಲ್ಲಿ ಬುಟ್ಟಿಯಲ್ಲೇ ಕಲ್ಲಾಗಿರುತ್ತದೆ.

ಲಾಭ ಯಾವುದು?

ಮೊದಲನೆಯದು ಮಣ್ಣು. ಸುಟ್ಟ ಇಟ್ಟಂಗಿಗೆ ಹೊಲದ ಮೇಲ್ಮಣ್ಣು ಹೋಗುತ್ತದೆ, ಕಟ್ಟಿಗೆ, ಕಲ್ಲಿದ್ದಲು ಹೋಗುತ್ತದೆ. ಬೂದಿಯ ಬ್ಲಾಕಿಗೆ ಈ ಮಣ್ಣೂ ಬೇಡ, ಭಟ್ಟಿಯೂ ಬೇಡ.

ಎರಡನೆಯದು ಗಾಳಿ. ಸೇಡಂ, ವಾಡಿ, ಮಳಖೇಡದ ಕಡೆ ಹೋದವರು ಸಿಮೆಂಟಿನ ಸುಣ್ಣಕಲ್ಲಿನ ಗಣಿ ನೋಡಿರುತ್ತೀರಿ. ಆ ಕಲ್ಲನ್ನು ಸುಮಾರು 1,450 ಡಿಗ್ರಿಗೆ ಕಾಯಿಸಿದಾಗ ಉರಿಯ ಹೊಗೆಯ ಜೊತೆಗೆ ಕಲ್ಲಿನೊಳಗಿನ ಇಂಗಾಲದ ಡೈಆಕ್ಸೈಡೂ ಹೊರಗೆ ಬರುತ್ತದೆ. ಜಗತ್ತಿನಲ್ಲಿ ಮನುಷ್ಯರು ಬಿಡುವ ಈ ಅನಿಲದಲ್ಲಿ ಸುಮಾರು ನೂರಕ್ಕೆ ಎಂಟು ಪಾಲು ಸಿಮೆಂಟಿನಿಂದ ಬರುತ್ತದೆ ಅಂತ ಲೆಕ್ಕ. ಮಳೆ ತಪ್ಪುವುದು, ಬಿಸಿಲು ಏರುವುದು ಇದಕ್ಕೆ ಸಂಬಂಧಿಸಿದ್ದೇ. ಜಿಯೋಪಾಲಿಮರ್ ಆ ಹೊರೆಯನ್ನು ಕಡಿಮೆ ಮಾಡುತ್ತದೆ. ಪೂರ್ತಿ ಇಲ್ಲದಂತೆ ಮಾಡುವುದಿಲ್ಲ. ಕಾಸ್ಟಿಕ್ ಸೋಡಾ, ಸಿಲಿಕೇಟ್ ತಯಾರಿಸಲಿಕ್ಕೂ ಕರೆಂಟು, ಬೆಂಕಿ ಬೇಕೇ ಬೇಕು.

ಮೂರನೆಯದು ನೀರು. ಇದು ನಮ್ಮ ಹೆಣ್ಣುಮಕ್ಕಳಿಗೆ ತಟ್ಟುವ ಮಾತು. ಸಿಮೆಂಟಿನ ಬ್ಲಾಕು ಮಾಡಿದರೆ ದಿನಗಟ್ಟಲೆ, ಕೆಲವೊಮ್ಮೆ ಎರಡು ವಾರ ನೀರು ಹೊಡೆಯಬೇಕು. ಆ ನೀರು ಹೊರುವವರು ಯಾರು? ಕುಡಿಯುವ ನೀರಿಗೇ ಸಾಲು ನಿಲ್ಲುವ ಊರಲ್ಲಿ ಬ್ಲಾಕಿಗೆ ನೀರು ಎಲ್ಲಿಂದ? ಜಿಯೋಪಾಲಿಮರಿಗೆ ಈ ನೀರುಣಿಸುವ ಕೆಲಸ ಇಲ್ಲ.

ನಮ್ಮ ಕೈ, ನಮ್ಮ ಕಣ್ಣು

ಈಗ ಮೊಬೈಲಿನಲ್ಲಿ ತೋರಿಸದ ಮಾತು ಹೇಳುತ್ತೇವೆ.

ಈ ವಿದ್ಯೆಯನ್ನು ಕಲಿಯಲು ನಾವು ಕೆಲವರು ಒಂದು ತರಬೇತಿಗೆ ಹೋಗಿದ್ದೆವು. ಎರಡನೇ ದಿನ ನಮ್ಮ ಜೊತೆಗಿದ್ದ ತಂಗಿಯೊಬ್ಬಳು, ಬೇಗ ಕೆಲಸ ಮುಗಿಯಲಿ ಅಂತ, ಹತ್ತಿರ ಇದ್ದ ಅಲ್ಯೂಮಿನಿಯಂ ಪಾತ್ರೆಯಲ್ಲಿ ಕಾಸ್ಟಿಕ್ ಸೋಡಾ ಸುರಿದು ಮೇಲಿನಿಂದ ಚೊಂಬಿನಲ್ಲಿ ನೀರು ಹೊಯ್ದಳು. ಪಾತ್ರೆ ಬುಸುಗುಟ್ಟಿ ಉಕ್ಕಿತು. ಹನಿಗಳು ಮುಂಗೈ ಮೇಲೆ ಬಿದ್ದವು. ಅವಳು ಸೆರಗಿನಿಂದ ಒರೆಸಿಕೊಂಡು ಕೆಲಸ ಮುಂದುವರಿಸಿದಳು. "ಉರಿ ಸ್ವಲ್ಪ ಐತಿ, ಏನೂ ಆಗಂಗಿಲ್ಲ" ಅಂದಳು. ಸಂಜೆಗೆ ಚರ್ಮ ಬಿಳಿಚಿ ಸುಲಿಯಿತು. ಗಾಯ ಮಾಯಲು ಒಂದೂವರೆ ತಿಂಗಳು ಹಿಡಿಯಿತು. ಆ ಒಂದೂವರೆ ತಿಂಗಳು ಅವಳಿಗೆ ಕೂಲಿ ಇಲ್ಲ, ರೊಟ್ಟಿ ಬಡಿಯಲು ಕೈ ಇಲ್ಲ. ತಪ್ಪು ಅವಳದ್ದಲ್ಲ. ಮೊದಲ ದಿನವೇ ಇದನ್ನು ಹೇಳಬೇಕಾದವರು ಹೇಳಿರಲಿಲ್ಲ, ಪಕ್ಕದಲ್ಲಿದ್ದ ನಾವೂ ಕೇಳಿರಲಿಲ್ಲ.

ಅದಕ್ಕೇ ಇದನ್ನು ಠರಾವು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ:

1. ಯಾವಾಗಲೂ ನೀರಿಗೆ ಕಾಸ್ಟಿಕ್ ಸೋಡಾ ಸ್ವಲ್ಪ ಸ್ವಲ್ಪವೇ ಹಾಕಬೇಕು. ಸೋಡಾದ ಮೇಲೆ ನೀರು ಹೊಯ್ಯಬಾರದು. ಈ ಕೆಲಸಕ್ಕೆ ಒಂದು ಲೀಟರ್ ದ್ರಾವಣದಲ್ಲಿ 320 ಗ್ರಾಂ ಅಥವಾ ಇನ್ನೂ ಹೆಚ್ಚು ಸೋಡಾ ಇರುತ್ತದೆ. ಬೆಂಕಿ ಇಲ್ಲದೆಯೇ ಅದು ಕೈ ಇಡಲಾಗದಷ್ಟು ಕಾಯುತ್ತದೆ. ಹಿಂದಿನ ದಿನವೇ ಮಾಡಿ ತಣಿಯಲು ಬಿಡಬೇಕು.

2. ಅಲ್ಯೂಮಿನಿಯಂ ಪಾತ್ರೆ ಬೇಡವೇ ಬೇಡ. ಕ್ಷಾರ ಅದನ್ನು ತಿಂದು, ಬೆಂಕಿ ಹೊತ್ತಿಕೊಳ್ಳುವ ಹೈಡ್ರೋಜನ್ ಅನಿಲ ಬಿಡುತ್ತದೆ. ದಪ್ಪ ಪ್ಲಾಸ್ಟಿಕ್ ಅಥವಾ ಸ್ಟೀಲ್ ಪಾತ್ರೆ ಇರಲಿ. ಆ ಪಾತ್ರೆ ಮತ್ತೆ ಅಡುಗೆಮನೆಗೆ ಬರಬಾರದು.

3. ಮೊಣಕೈವರೆಗೆ ರಬ್ಬರ್ ಕೈಗವಸು, ಕಣ್ಣಿಗೆ ಕನ್ನಡಕ, ಕಾಲಿಗೆ ಬೂಟು. ಬಳೆ, ಉಂಗುರದ ಸಂದಿಯಲ್ಲಿ ಕ್ಷಾರ ಉಳಿಯುತ್ತದೆ, ತೆಗೆದಿಡಬೇಕು.

4. ಮೈಮೇಲೆ ಬಿದ್ದರೆ ಒರೆಸಬೇಡಿ. ತೊಯ್ದ ಬಟ್ಟೆ ತೆಗೆದು, ಕನಿಷ್ಠ 20 ನಿಮಿಷ ಹರಿಯುವ ನೀರಿನಲ್ಲಿ ತೊಳೆಯಿರಿ. ನಿಂಬೆರಸ, ಮೊಸರು, ಅರಿಶಿಣ ಹಚ್ಚಬೇಡಿ. ಕಣ್ಣಿಗೆ ಬಿದ್ದರೆ ತೊಳೆಯುತ್ತಲೇ ಆಸ್ಪತ್ರೆಗೆ ನಡೆಯಿರಿ.

5. ಒಣ ಬೂದಿಯ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಬಾಯಿಗೆ ಸೆರಗು ಕಟ್ಟಿದರೆ ಸಾಲದು, ಎನ್95 ಮಾಸ್ಕು ಬೇಕು. ಬೂದಿಯ ರಾಶಿಗೆ ತಾಡಪತ್ರಿ ಮುಚ್ಚಿ, ಮೇಲೆ ನೀರು ಚಿಮುಕಿಸಿ.

6. ಕ್ಷಾರದ ನೀರನ್ನು ಕುಡಿಯುವ ನೀರಿನ ಬಾಟಲಿಯಲ್ಲಿ ಎಂದೂ ತುಂಬಬೇಡಿ. ಡಬ್ಬಿಗೆ ಗುರುತು ಹಾಕಿ, ಬೀಗದ ಕೋಣೆಯಲ್ಲಿಡಿ. ಅಂಗನವಾಡಿ ವಯಸ್ಸಿನ ಮಕ್ಕಳು ಕೆಲಸದ ಜಾಗಕ್ಕೆ ಬರಕೂಡದು.

ಇಷ್ಟನ್ನು ಪಾಲಿಸಲು ಆಗುವುದಿಲ್ಲ ಅನ್ನುವ ಸಂಘ ಈ ಕೆಲಸಕ್ಕೆ ಕೈ ಹಾಕದಿರುವುದೇ ಲೇಸು. ಸುಣ್ಣ-ಜಿಪ್ಸಂ ಅಥವಾ ಸಿಮೆಂಟು ಸೇರಿಸಿದ ಬೂದಿ ಇಟ್ಟಂಗಿ ಮಾಡಿದರೂ ಬೂದಿ ಬಳಕೆಯಾಗುತ್ತದೆ. ಅದರಲ್ಲೂ ಕೈಗವಸು, ಮಾಸ್ಕು ಬೇಕು, ಆದರೆ ಇಷ್ಟು ಘಾಟು ಇಲ್ಲ. ಅದನ್ನು ಮಾಡಿದವರು ಕಡಿಮೆಯವರೇನಲ್ಲ.

ಬೂದಿ ಪುಕ್ಕಟೆ, ಸಾಗಾಟ ಪುಕ್ಕಟೆ ಅಲ್ಲ

"ಬೂದಿ ಪುಕ್ಕಟೆ ಸಿಗ್ತದ, ಹಂಗಾದ್ರ ಲಾಭನೇ ಲಾಭ" ಅಂತ ಒಬ್ಬ ಅಕ್ಕ ಅಂದಿದ್ದರು. ಅಕ್ಕಾ, ಲೆಕ್ಕ ಹಾಕೋಣ. ಸ್ಥಾವರದಿಂದ ಶೆಡ್ಡಿನವರೆಗೆ ಲಾರಿ ಬಾಡಿಗೆ ಯಾರು ಕೊಡಬೇಕು? ಅದನ್ನು ಮೊದಲೇ ಬರವಣಿಗೆಯಲ್ಲಿ ಮಾತಾಡಿಕೊಳ್ಳಬೇಕು. ಒಣ ಹಾರುಬೂದಿಯನ್ನು ಸಿಮೆಂಟಿನವರೂ ಕೊಳ್ಳುತ್ತಾರೆ, ಹಾಗಾಗಿ ಅದು ನಮಗೆ ಸಿಗುತ್ತದೆಯೋ ಇಲ್ಲವೋ ಕೇಳಬೇಕು. ಹೊಂಡದ ಬೂದಿ ಸುಲಭವಾಗಿ ಸಿಕ್ಕೀತು, ಆದರೆ ಅದು ದಪ್ಪ, ಹಸಿ, ಒಂದೊಂದು ಕಡೆ ಒಂದೊಂದು ತರಹ. ಅಂಟಿಗೆ ಒಣ ಹಾರುಬೂದಿಯೇ ಬೇಕು. ಹೊಂಡದ ಬೂದಿ ಮರಳಿನ ಬದಲಿಗೆ ಆದೀತು.

ಜಿಯೋಪಾಲಿಮರಿನಲ್ಲಿ ಹೆಚ್ಚಿನ ಖರ್ಚು ಬೂದಿಯದ್ದಲ್ಲ, ಕಾಸ್ಟಿಕ್ ಸೋಡಾ ಮತ್ತು ಸಿಲಿಕೇಟಿನದ್ದು. ಅವುಗಳ ದರ ಏರಿಳಿಯುತ್ತದೆ. ಹಾಗಾಗಿ ಲೆಕ್ಕದ ಪುಸ್ತಕದಲ್ಲಿ ಐದು ಸಾಲು ಬರೆಯಿರಿ: ಲಾರಿ ಬಾಡಿಗೆ, ರಾಸಾಯನಿಕ, ಕರೆಂಟು, ನಮ್ಮದೇ ಕೂಲಿ, ಒಡೆದು ಹೋಗುವ ಬ್ಲಾಕಿನ ನಷ್ಟ. ನಾಲ್ಕನೆಯ ಸಾಲನ್ನು ಎಷ್ಟೋ ಸಂಘದವರು ಬರೆಯುವುದೇ ಇಲ್ಲ. ನಮ್ಮ ಕೂಲಿ ಸೊನ್ನೆ ಅಂತ ಹಿಡಿದರೆ ಯಾವ ಧಂದೆಯೂ ಲಾಭದ್ದೇ ಕಾಣುತ್ತದೆ!

ಹಾಗಾದರೆ ಏನು ಮಾಡೋಣ?

ನಮ್ಮ ಸಲಹೆ ಇಷ್ಟು.

ಒಂದನೆಯದು, ಮೊದಲು ಪರೀಕ್ಷೆ, ಆಮೇಲೆ ಸಾಲ. ಬೂದಿ ಮತ್ತು ಕಿಟ್ಟದ ಪುಡಿಯನ್ನು ಹತ್ತಿರದ ಇಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯಕ್ಕೆ ಕೊಟ್ಟು, ಅವರಿಂದ ನಮ್ಮ ಬೂದಿಗೆ ತಕ್ಕ ಹದ ಬರೆಸಿಕೊಳ್ಳೋಣ. ಬೇರೆ ಊರಿನ ಹದ ನಮ್ಮ ಬೂದಿಗೆ ಒಗ್ಗುವುದಿಲ್ಲ. ಬೂದಿಯಲ್ಲಿ ಸೀಸ, ಆರ್ಸೆನಿಕ್‌ನಂಥ ವಿಷದ ಲೋಹಗಳ ಅಂಶ ಸ್ವಲ್ಪ ಇರುತ್ತದೆ. ಬ್ಲಾಕಿನಿಂದ ಅದು ನೀರಿಗೆ ಬಿಡುತ್ತದೆಯೇ ಎಂಬುದನ್ನೂ ಪರೀಕ್ಷೆ ಮಾಡಿಸಬೇಕು. ಹತ್ತು ಹನ್ನೆರಡು ಬ್ಲಾಕು ಮಾಡಿ ಯಂತ್ರದಲ್ಲಿ ಒಡೆಸಿ ನೋಡೋಣ.

ಒಂದು ಪರೀಕ್ಷೆ ಮನೆಯಲ್ಲಿಯೇ ಆಗುತ್ತದೆ. ಒಣ ಇಟ್ಟಂಗಿ ತೂಗಿ, 24 ಗಂಟೆ ನೀರಿನಲ್ಲಿ ಮುಳುಗಿಸಿ, ಮತ್ತೆ ತೂಗಿ. ಬೂದಿ-ಸುಣ್ಣದ ಇಟ್ಟಂಗಿ ತನ್ನ ತೂಕದ ನೂರಕ್ಕೆ 20 ಪಾಲಿಗಿಂತ ಹೆಚ್ಚು ನೀರು ಕುಡಿಯಬಾರದು. ಅಂದರೆ 3 ಕಿಲೋ ಇಟ್ಟಂಗಿ 600 ಗ್ರಾಂ ಮೀರಬಾರದು. ಪೇಟೆಯಿಂದ ಇಟ್ಟಂಗಿ ಕೊಳ್ಳುವಾಗಲೂ ಇದನ್ನು ಮಾಡಿ ನೋಡಬಹುದು.

ಎರಡನೆಯದು, ಮೊದಲ ವರ್ಷ ನೆಲಕ್ಕೆ ಮಾತ್ರ. ಅಂಗಳದ ಹಾಸುಬಿಲ್ಲೆ, ಕಾಲುದಾರಿಯ ಬ್ಲಾಕು, ಗಿಡದ ಸುತ್ತಲಿನ ಅಂಚುಕಲ್ಲು ಮಾಡೋಣ. ಚಾವಣಿಗೆ, ಕಂಬಕ್ಕೆ, ತೊಲೆಗೆ ನಮ್ಮ ಕೈಯ ಕಾಂಕ್ರೀಟು ಹಾಕುವುದು ಬೇಡ. ನೆಲದ ಬಿಲ್ಲೆ ಸೀಳಿದರೆ ಬಿಲ್ಲೆ ಒಂದೇ ಹೋಗುತ್ತದೆ. ಚಾವಣಿ ಸೀಳಿದರೆ ಅದರ ಕೆಳಗೆ ಮಲಗಿದ ಮಕ್ಕಳು ಇರುತ್ತಾರೆ.

ಮೂರನೆಯದು, ಮೊದಲು ಕೊಳ್ಳುವವರು, ಆಮೇಲೆ ಯಂತ್ರ. ಪಂಚಾಯಿತಿ, ಜಿಲ್ಲೆಯ ನಿರ್ಮಿತಿ ಕೇಂದ್ರ, ಊರಿನ ಶಾಲೆ, ಮೇಸ್ತ್ರಿಗಳು, ಇವರಿಗೆ ಮಾದರಿ ಬಿಲ್ಲೆ ತೋರಿಸಿ, ಪರೀಕ್ಷೆಯ ಚೀಟಿ ತೋರಿಸಿ ಕೇಳೋಣ. ಮೇಸ್ತ್ರಿ ಒಪ್ಪದ ಇಟ್ಟಂಗಿ ಗೋಡೆ ಏರುವುದಿಲ್ಲ.

ನಾಲ್ಕನೆಯದು, ಸಾಲ ಒಬ್ಬಳ ಹೆಸರಲ್ಲಿ ಬೇಡ. ನಾಲ್ಕೈದು ಸಂಘ ಸೇರಿ, ಎಲ್ಲರ ಠರಾವಿನ ಮೇಲೆ, ಚಿಕ್ಕದಾಗಿ ಶುರು ಮಾಡೋಣ. ಕೈಗವಸು, ಕನ್ನಡಕ, ಮಾಸ್ಕಿನ ಹಣವನ್ನು ಮೊದಲ ಖರ್ಚಾಗಿ ಬರೆಯಬೇಕು.

ಅಕ್ಕ ತಂಗಿಯರೇ, ನಮ್ಮ ಅವ್ವಂದಿರು ಒಲೆಯ ಬೂದಿಯನ್ನು ಎಂದೂ ತಿಪ್ಪೆಗೆ ಸುಮ್ಮನೆ ಸುರಿದವರಲ್ಲ. ಪಾತ್ರೆ ತಿಕ್ಕಿದರು, ಕಾಳಿಗೆ ಬೆರೆಸಿ ಹುಳ ತಡೆದರು, ಹಿತ್ತಲ ಗಿಡಕ್ಕೆ ಹಾಕಿದರು. ಯಾವ ಬೂದಿ ಯಾವುದಕ್ಕೆ, ಎಷ್ಟು ಅಂತ ಅವರಿಗೆ ಗೊತ್ತಿತ್ತು. ಕಲ್ಲಿದ್ದಲಿನ ಬೂದಿಯ ವಿಷಯದಲ್ಲಿ ನಾವು ಆ ತಿಳಿವಳಿಕೆಯನ್ನು ಈಗ ಸಂಪಾದಿಸಬೇಕು. ಆತುರ ಬೇಡ, ಅಂಜಿಕೆಯೂ ಬೇಡ.

ಮುಂದಿನ ತಿಂಗಳ ಸಭೆಗೆ ಪ್ರತಿ ಸಂಘದವರೂ ಮೂರು ಪ್ರಶ್ನೆಗೆ ಉತ್ತರ ಬರೆದುಕೊಂಡು ಬನ್ನಿ. ನಮ್ಮ ಊರಿಗೆ ಬೂದಿ ತರಲು ಲಾರಿ ಬಾಡಿಗೆ ಎಷ್ಟು? ನಮ್ಮ ಊರಲ್ಲಿ ಬಿಲ್ಲೆ ಕೊಳ್ಳುವವರು ಯಾರು? ಮುಂಜಾಗ್ರತೆಯ ಆರು ಮಾತುಗಳನ್ನು ದಿನವೂ ಪಾಲಿಸುತ್ತೇವೆಂದು ಕೈ ಎತ್ತುವವರು ಎಷ್ಟು ಮಂದಿ? ಮೂರಕ್ಕೂ ಉತ್ತರ ಸಿಕ್ಕರೆ ಪರೀಕ್ಷೆಗೆ ಬೂದಿ ತರಲು ನಾವೂ ನಿಮ್ಮ ಜೊತೆ ಬರುತ್ತೇವೆ. ಸಿಗದಿದ್ದರೆ ಶ್ಯಾವಿಗೆ ಮಣೆ ಎಲ್ಲಿಗೂ ಓಡಿ ಹೋಗಿಲ್ಲ, ಇನ್ನೊಂದು ದಾರಿ ಹುಡುಕೋಣ.